ಸೋಲ್ ಬಿಟ್ಟರೆ ಗಮ್ಮನ್ನೇ ಬೈಯಬೇಡಿ

ಓದುಗರ ಪ್ರಶ್ನೆಗಳಿಗೆ ಉತ್ತರ

ಸಣ್ಣ ಉದ್ಯೋಗ ಮಾಡುವವರ ಪ್ರಶ್ನೆಗಳಿಗಾಗಿ ಇರುವ ಈ ಪುಟಕ್ಕೆ ಈ ಸಲ ಚಪ್ಪಲಿ, ಶೂ ಮಾಡುವವರ ಪತ್ರಗಳೇ ಜಾಸ್ತಿ. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಕಡೆಯಿಂದ ಬಂದಿವೆ, ಎಲ್ಲರದೂ ಹೆಚ್ಚುಕಮ್ಮಿ ಒಂದೇ ಗೋಳು. ಸೋಲ್ ಬಿಡುತ್ತಿದೆ. ಹಾಗಾಗಿ ಈ ಸಂಚಿಕೆ ಪೂರ್ತಿ ಅದಕ್ಕೇ ಮೀಸಲು.

ಪ್ರಶ್ನೆ: ಕೌಲ್ ಬಜಾರ್ ಹತ್ತಿರ ನಮ್ಮದು ಸಣ್ಣ ಯೂನಿಟ್. ಸ್ಕೂಲ್ ಶೂ ಮಾಡ್ತೀವಿ. ಅಪ್ಪರ್ (ಶೂವಿನ ಮೇಲ್ಭಾಗ) ರೆಕ್ಸಿನ್‌ದು, ಸೋಲ್ ರೆಡಿಮೇಡ್ ತರಿಸ್ತೀವಿ. ಜೂನ್‌ನಲ್ಲಿ ಕೊಟ್ಟ ಮಾಲು ದಸರಾ ರಜೆ ಹೊತ್ತಿಗೆ ಬಾಯಿ ಬಿಟ್ಟುಕೊಂಡು ವಾಪಸ್ ಬರ್ತಿದೆ. ಗಮ್ ಕಂಪನಿ ಬದಲಾಯಿಸಿದ್ದಾಯ್ತು, ದುಬಾರಿ ಗಮ್ ತಂದಿದ್ದೂ ಆಯ್ತು. ಕೊನೆಗೆ ಯಾವ ಗಮ್ ಹಾಕಬೇಕು, ಅದನ್ನಾದರೂ ಹೇಳ್ರಿ.
— ಶೂ ಯೂನಿಟ್ ಮಾಲೀಕರು, ಬಳ್ಳಾರಿ

ಉತ್ತರ: ಅಣ್ಣಾ, ಗಮ್ಮಿನ ವಿಚಾರ ಆಮೇಲೆ. ವಾಪಸ್ ಬಂದ ಶೂಗಳನ್ನು ಗುಜರಿಗೆ ಹಾಕಿಲ್ಲ ತಾನೇ? ಅದರಲ್ಲಿ ನಾಲ್ಕೈದು ತೆಗೆದುಕೊಳ್ಳಿ. ಬಾಯಿ ಬಿಟ್ಟ ಜಾಗದಲ್ಲಿ ಹಿಡಿದು ಸೋಲನ್ನು ಪೂರ್ತಿ ಕಿತ್ತು, ಬೆಳಕಿಗೆ ಹಿಡಿದು ಎರಡೂ ಕಡೆ ನೋಡಿ. ಗಮ್ ಯಾವ ಕಡೆ ಉಳಿದಿದೆ ಅನ್ನುವುದರಲ್ಲೇ ಅರ್ಧ ಉತ್ತರ ಇದೆ.

ಸೋಲ್ ತಂದ ದಿನ ಇದ್ದ ಹಾಗೇ ಹೊಳೆಯುತ್ತಿದ್ದು, ಗಮ್ಮಿನ ಪದರವೆಲ್ಲ ಅಪ್ಪರ್ ಕಡೆ ಹೋಗಿದ್ದರೆ, ಗಮ್ ಸೋಲನ್ನು ಹಿಡಿದೇ ಇರಲಿಲ್ಲ ಅಂತ. ಗಮ್ಮೆಲ್ಲ ಸೋಲ್ ಮೇಲಿದ್ದು ಅಪ್ಪರ್ ಖಾಲಿ ಇದ್ದರೆ ತಪ್ಪು ಅಪ್ಪರ್ ಕಡೆ ಆಗಿದೆ. ಎರಡೂ ಕಡೆ ಗಮ್ ಇದೆ, ಎರಡೂ ನುಣ್ಣಗಿವೆ, ಬ್ರಷ್ಷಿನ ಗೆರೆ ಕೂಡ ಹಾಗೇ ಕಾಣುತ್ತಿದೆ ಅಂದರೆ ಆ ಎರಡು ಪದರ ಒಂದಾಗಲೇ ಇಲ್ಲ. ಬಿಸಿ ಸಾಲದೆಯೋ, ಒತ್ತಡ ಸಾಲದೆಯೋ, ಹಚ್ಚಿ ಬಹಳ ಹೊತ್ತು ಬಿಟ್ಟಿದ್ದಕ್ಕೋ ಹೀಗಾಗುತ್ತದೆ. ಗಮ್ಮೇ ಮೆತ್ತಗಾಗಿ ಎಳೆಎಳೆಯಾಗಿ ಹರಿದಿದ್ದರೆ ಆಗ ಮಾತ್ರ ಗಮ್ಮಿನ ಮೇಲೆ ಅನುಮಾನ ಪಡಿ. ಇನ್ನು ರೆಕ್ಸಿನ್ನಿನ ಮೇಲ್ಪದರವೇ ಬಟ್ಟೆಯಿಂದ ಎದ್ದು ಸೋಲಿಗೆ ಅಂಟಿಕೊಂಡು ಬಂದಿದ್ದರೆ ನಿಮ್ಮ ಅಂಟಿಸುವ ಕೆಲಸ ಸರಿಯಾಗೇ ಇದೆ, ರೆಕ್ಸಿನ್ನೇ ಕಳಪೆ.

ನಿಮ್ಮದು ಮೊದಲನೇ ಥರದ್ದೇ ಇರಬೇಕು ಅಂತ ನನ್ನ ಅಂದಾಜು. ಗಮ್ ಬದಲಾಯಿಸಿದರೂ ಫಲ ಅದೇ ಬರ್ತಿದೆ ಅಂದರೆ ತೊಂದರೆ ಗಮ್ ಹಚ್ಚುವುದಕ್ಕೂ ಮುಂಚೆಯೇ ಇದೆ.

ಹಾಗಾದರೆ ನಿಮ್ಮ ಸೋಲ್ ಯಾವುದು? ರೆಡಿಮೇಡ್ ಅಂತ ಬರೆದಿದ್ದೀರಿ, ಪಿವಿಸಿ ಪ್ಲಾಸ್ಟಿಕ್ಕೋ, ಟಿಪಿಆರ್ ಅನ್ನುವ ರಬ್ಬರಿನಂಥ ಪ್ಲಾಸ್ಟಿಕ್ಕೋ ಬರೆದಿಲ್ಲ. ಬಹಳ ಯೂನಿಟ್‌ಗಳಲ್ಲಿ ಇದೇ ಕಥೆ. ಹಿಂದಿನ ತಿಂಗಳು ಪಿವಿಸಿ ಬಂದಿರುತ್ತೆ, ಈ ತಿಂಗಳು ಏಜೆಂಟ್ ಟಿಪಿಆರ್ ಕಳಿಸಿರ್ತಾನೆ, ನೋಡಲಿಕ್ಕೆ ಎರಡೂ ಒಂದೇ ಥರ ಕಪ್ಪು. ತಿಳಿಯಲು ಸುಲಭದ ದಾರಿ ಒಂದಿದೆ. ಗಮ್ ರೂಮಿನಿಂದ ದೂರ, ಹೊರಗೆ ಹೋಗಿ ಮಾಡಿ. ಕರೆಂಟ್ ವೈರಿನೊಳಗಿನ ತಾಮ್ರದ ತಂತಿ ತೆಗೆದುಕೊಂಡು, ಒಂದು ತುದಿಯನ್ನು ಇಕ್ಕಳದಲ್ಲಿ ಹಿಡಿದು, ಇನ್ನೊಂದು ತುದಿ ಕೆಂಪಗಾಗುವವರೆಗೆ ಗ್ಯಾಸ್ ಉರಿಯಲ್ಲಿ ಕಾಯಿಸಿ. ಆ ತುದಿಯನ್ನು ಸೋಲಿನ ಚೂರಿಗೆ ಒತ್ತಿ, ಮತ್ತೆ ಉರಿಗೆ ಹಿಡಿಯಿರಿ. ಉರಿ ಹಸಿರಾದರೆ ಅದರಲ್ಲಿ ಕ್ಲೋರಿನ್ ಇದೆ, ಅಂದರೆ ಪಿವಿಸಿ. ಹಸಿರು ಬರದೆ ಕಪ್ಪು ಹೊಗೆ ಬಿಡುತ್ತಾ ಉರಿಯುತ್ತಲೇ ಹೋದರೆ ಟಿಪಿಆರ್ ಅಥವಾ ರಬ್ಬರ್. ಒಂದೇ ಎಚ್ಚರ, ಗಮ್ ತಾಗದ ಹೊಸ ಸೋಲಿನ ಒಳಗಿಂದ ಚೂರು ಕತ್ತರಿಸಿಕೊಳ್ಳಿ. ಹಳದಿ ನಿಯೋಪ್ರೀನ್ ಗಮ್ಮಿನಲ್ಲೂ ಕ್ಲೋರಿನ್ ಇರುತ್ತೆ, ಅದು ತಾಗಿದ್ದರೆ ಯಾವ ಸೋಲಾದರೂ ಹಸಿರೇ ತೋರಿಸುತ್ತೆ. ಹೊಗೆ ಮಾತ್ರ ಕುಡಿಯಬೇಡಿ.

ಟಿಪಿಆರ್ ಅಂತ ಗೊತ್ತಾದರೆ ಅದಕ್ಕೆ ಗಮ್ಮಿಗಿಂತ ಮುಂಚೆ ಕ್ಲೋರಿನ್ ಪ್ರೈಮರ್ ಹಚ್ಚಲೇಬೇಕು. ಅಂಗಡಿಯಲ್ಲಿ ಹ್ಯಾಲೋಜನ್ ಪ್ರೈಮರ್, ಟಿಪಿಆರ್ ಪ್ರೈಮರ್ ಅಂತ ಕೇಳಿ. ಟಿಪಿಆರ್‌ನ ಮೈ ಸ್ವಭಾವವೇ ಹಾಗೆ, ಅದಕ್ಕೆ ಪಿಯು (ಪಾಲಿಯುರೆಥೇನ್) ಗಮ್ ಹಿಡಿಯಲು ಏನೂ ಸಿಗುವುದಿಲ್ಲ. ಪ್ರೈಮರ್‌ನಲ್ಲಿರುವ ಕ್ಲೋರಿನ್ ಆ ಮೈಯನ್ನೇ ರಾಸಾಯನಿಕವಾಗಿ ಬದಲಾಯಿಸಿ ಗಮ್ಮಿಗೆ ಹಿಡಿತ ಮಾಡಿಕೊಡುತ್ತೆ. ಪ್ರೈಮರ್ ಇಲ್ಲದೆ ಎಂಥಾ ದುಬಾರಿ ಗಮ್ ಹಚ್ಚಿದರೂ ಅವತ್ತಿಗೆ ಅಂಟಿದ ಹಾಗೆ ಕಾಣುತ್ತೆ, ಮಗು ಮೂರು ತಿಂಗಳು ಓಡಾಡಿ ಬಗ್ಗಿಸಿದ ಮೇಲೆ ಬಿಡುತ್ತೆ. ನಿಮ್ಮ ಜೂನ್-ದಸರಾ ಲೆಕ್ಕಕ್ಕೆ ಇದು ಸರಿಯಾಗಿ ಹೊಂದುತ್ತೆ ನೋಡಿ.

ಹಚ್ಚುವಾಗ ತೆಳ್ಳಗೆ, ಒಂದೇ ಕೈ, ಗಮ್ ಬರುವ ಜಾಗವೆಲ್ಲ ಒದ್ದೆಯಾಗುವಷ್ಟು. ಜಾಸ್ತಿ ಹಚ್ಚಿದರೆ ಜಾಸ್ತಿ ಗಟ್ಟಿ ಅನ್ನುವ ಲೆಕ್ಕ ಇಲ್ಲಿಲ್ಲ. ಕ್ಲೋರಿನ್ ಅತಿಯಾದರೆ ಸೋಲಿನ ಮೇಲ್ಮೈಯೇ ಪೆಡಸಾಗಿ ಸಿಪ್ಪೆ ಏಳುತ್ತೆ. ಹಚ್ಚಿದ ಮೇಲೆ ಅರ್ಧ ಗಂಟೆಯಿಂದ ಒಂದು ಗಂಟೆ ಒಣಗಲು ಬಿಟ್ಟು, ಅದೇ ದಿನ ಗಮ್ ಹಚ್ಚಿ ಮುಗಿಸಿ. ಬಾಟಲಿ ತೆರೆದ ಮೇಲೆ ದಿನಗಟ್ಟಲೆ ಇಡಬೇಡಿ, ಅದರ ಕಸುವು ಹೋಗುತ್ತೆ. ತಗಡಿನ ಡಬ್ಬಕ್ಕೆ ಸುರಿದಿಟ್ಟರಂತೂ ಡಬ್ಬವನ್ನೇ ತಿನ್ನುತ್ತೆ. ಪುಡಿ ತಂದು ಮನೆಯಲ್ಲೇ ಕಲಸಿಕೊಳ್ಳುತ್ತೇನೆ ಅನ್ನುವ ಉಳಿತಾಯದ ಐಡಿಯಾ ಯಾರಾದರೂ ಕೊಟ್ಟರೆ ಕಿವಿಗೊಡಬೇಡಿ. ಅದು ಈಜುಕೊಳಕ್ಕೆ ಹಾಕುವ ಕ್ಲೋರಿನ್ ಪುಡಿಯ ಜಾತಿ, ತಪ್ಪು ಥಿನ್ನರ್‌ಗೆ ಬಿದ್ದರೆ ಅಪಾಯ.

ಪಿವಿಸಿ ಅಂತ ಗೊತ್ತಾದರೆ ಈ ಪ್ರೈಮರ್ ಬೇಕಿಲ್ಲ, ಹಚ್ಚಿ ಪ್ರಯೋಜನವೂ ಇಲ್ಲ. ಸ್ವಚ್ಛ ಬಿಳಿ ಬಟ್ಟೆಗೆ ಎಂಇಕೆ ಅನ್ನುವ ಥಿನ್ನರ್ ಹಾಕಿಕೊಂಡು ಒರೆಸಿ, ಬಟ್ಟೆ ಆಗಾಗ ಬದಲಾಯಿಸಿ. ಆದರೆ ಪಿವಿಸಿಗೆ ಹಳದಿ ನಿಯೋಪ್ರೀನ್ ಗಮ್ ಹಾಕಲೇಬೇಡಿ. ಪಿವಿಸಿ ಮೆತ್ತಗಿರಲಿ ಅಂತ ಅದರಲ್ಲಿ ಎಣ್ಣೆಯಂಥ ಪ್ಲಾಸ್ಟಿಸೈಸರ್ ಬೆರೆಸಿರ್ತಾರೆ. ಅದು ದಿನ ಕಳೆದಂತೆ ಹೊರಗೆ ಜಿನುಗಿ ನಿಯೋಪ್ರೀನನ್ನು ಕರಗಿಸಿ ಅಂಟಂಟು ಮಾಡಿಬಿಡುತ್ತೆ. ನಿಮ್ಮ ರೆಕ್ಸಿನ್ ಕೂಡ ಪಿವಿಸಿಯೇ ಇದ್ದೀತು, ಅಂದಮೇಲೆ ಎರಡೂ ಕಡೆಯಿಂದ ಅದೇ ಕಾಟ. ಪಿಯು ಗಮ್ ಇದನ್ನು ತಡೆದುಕೊಳ್ಳುತ್ತೆ. ಹಾಗಾಗಿ ನೀವು ಕೇಳಿದ ಪ್ರಶ್ನೆಗೆ ಉತ್ತರ: ಪಿಯು ಗಮ್, ಅದಕ್ಕೆ ನೂರಕ್ಕೆ 3ರಿಂದ 5 ಭಾಗ ಹಾರ್ಡ್‌ನರ್ (ಗಮ್ ಗಟ್ಟಿ ಮಾಡುವ ದ್ರವ). ಹಾರ್ಡ್‌ನರ್ ಬೆರೆಸಿದ ಗಮ್ಮನ್ನು ನಾಳೆಗೆ ಉಳಿಸಬೇಡಿ. ಅದು ಗಾಳಿಯ ತೇವಕ್ಕೇ ಗಟ್ಟಿಯಾಗುತ್ತೆ, ಥಿನ್ನರ್ ಹಾಕಿ ಮತ್ತೆ ತೆಳು ಮಾಡಿದರೆ ನೋಡಲಿಕ್ಕೆ ಗಮ್ಮಿನ ಹಾಗಿರುತ್ತೆ ಅಷ್ಟೇ.

ಅಪ್ಪರ್ ಕಡೆ ಇನ್ನೊಂದು ಮಾತು. ಲಾಸ್ಟಿಗೆ (ಕಾಲಿನ ಆಕಾರದ ಅಚ್ಚಿಗೆ) ಎಳೆದು ಕೂರಿಸಿದ ಅಪ್ಪರ್ ಮೇಲೆ ಸೋಲಿಟ್ಟು, ಸುತ್ತ ಸಿಲ್ವರ್ ಪೆನ್ನಿನಲ್ಲಿ ಗೆರೆ ಹಾಕಿ. ಆ ಗೆರೆಯವರೆಗೂ ಉಜ್ಜಬೇಕು. ಗೆರೆ ದಾಟಿದರೆ ಶೂ ಮೇಲೆ ಕಲೆ ಕಾಣುತ್ತೆ ಅಂತ ಹುಡುಗರು ಹೆದರಿ ಎರಡು ಮೂರು ಮಿಲಿಮೀಟರ್ ಒಳಗೇ ನಿಲ್ಲಿಸ್ತಾರೆ. ಬಾಯಿ ಬಿಡಲು ಶುರುವಾಗುವುದು ಆ ಅಂಚಿನಿಂದಲೇ. ಚರ್ಮವಾದರೆ ಮೇಲಿನ ಫಿನಿಶ್ ಪೂರ್ತಿ ಹೋಗಿ ನಾರು ಕಾಣುವ ತನಕ ಉಜ್ಜಬೇಕು, ಫಿನಿಶ್ ಮೇಲೆ ಗಮ್ ಹಚ್ಚುವುದು ಉದುರುವ ಸುಣ್ಣದ ಗೋಡೆಗೆ ಪೇಂಟ್ ಬಳಿದ ಹಾಗೆ. ರೆಕ್ಸಿನ್ ಆದರೆ ಹಗುರಾಗಿ, ಹೊಳಪು ಹೋಗುವಷ್ಟು ಸಾಕು. ಉಜ್ಜಿದ ಧೂಳನ್ನು ಬ್ರಷ್ಷಿನಲ್ಲಿ ತೆಗೆಯಿರಿ. ಅಂಗೈಯಲ್ಲಿ ಸವರಿದರೆ ಕೈಯ ಎಣ್ಣೆ ಹತ್ತುತ್ತೆ, ಊಟ ಮುಗಿಸಿ ಬಂದ ಕೈಯಾದರೆ ಇನ್ನೂ ಚೆಂದ. ಬಳ್ಳಾರಿಯಲ್ಲಿ ಅದಿರಿನ ಕೆಂಪು ಧೂಳು ಕಿಟಕಿಯಿಂದ ಎಷ್ಟು ಬರುತ್ತೆ ಅನ್ನೋದು ನಿಮಗೇ ಗೊತ್ತು. ಹಚ್ಚಿ ಒಣಗಲು ಇಟ್ಟ ಸೋಲುಗಳ ಮೇಲೆ ಆ ಧೂಳು ಕೂತರೆ ಮುಗಿಯಿತು, ರ್‍ಯಾಕಿಗೆ ಒಂದು ಪರದೆಯಾದರೂ ಕಟ್ಟಿ.

ಎಲ್ಲ ಶೂಗಳೂ ಮುಂದಿನ ಬೆರಳ ತುದಿಯಲ್ಲೇ ಬಿಟ್ಟಿದ್ದರೆ ಸೋಲನ್ನು ಗಮ್ ಇಲ್ಲದೆ ಲಾಸ್ಟಿನ ಕೆಳಗೆ ಇಟ್ಟು ನೋಡಿ. ಲಾಸ್ಟಿನ ಮೂತಿ ಮೇಲೆದ್ದಷ್ಟೇ ಸೋಲಿನ ಮೂತಿಯೂ ಎದ್ದಿರಬೇಕು. ಸೋಲ್ ಚಪ್ಪಟೆ ಇದ್ದು ಲಾಸ್ಟ್ ಎದ್ದಿದ್ದರೆ, ಅಂಟಿಸಿದ ಕ್ಷಣದಿಂದಲೇ ಸೋಲ್ ಕೆಳಗೆ ಎಳೆಯುತ್ತಲೇ ಇರುತ್ತೆ, ಹಗಲೂ ರಾತ್ರಿ. ಅದಕ್ಕೆ ಮದ್ದು ಬೇರೆ ಅಚ್ಚಿನ ಸೋಲ್ ತರಿಸುವುದೊಂದೇ.

ಪ್ರಶ್ನೆ: ನಮ್ಮಲ್ಲಿ ಏಪ್ರಿಲ್, ಮೇ ಬಂತಂದ್ರೆ ಗಮ್ ಹಚ್ಚಿ ತಿರುಗೋದ್ರೊಳಗ ಒಣಗಿರ್ತದ. ಮಳೆಗಾಲದಾಗ ಅದೇ ಗಮ್ ಒಣಗಂಗೇ ಇಲ್ಲ. ಎರಡೂ ಕಾಲದಾಗ ಮಾಲು ವಾಪಸ್ ಬರ್ತದ. ಏನ್ ಮಾಡಬೇಕ್ರಿ?
— ಸ್ಯಾಂಡಲ್ ತಯಾರಕರು, ತೀನ್ ಕಂದಿಲ್ ಹತ್ತಿರ, ರಾಯಚೂರು

ಉತ್ತರ: ರಾಯಚೂರಿನ ಬೇಸಿಗೆಗೆ ಗಮ್ಮೇನು, ಮನುಷ್ಯರೇ ಒಣಗ್ತಾರೆ. ಆದರೆ ನಿಮ್ಮ ಎರಡು ತೊಂದರೆ ಬೇರೆ ಬೇರೆ.

ಬೇಸಿಗೆಯಲ್ಲಿ ಆಗುವುದು ಇಷ್ಟು. ನಿಯೋಪ್ರೀನ್ ಗಮ್ಮಿಗೆ ಒಂದು ಹೊತ್ತು ಅಂತ ಇದೆ. ಥಿನ್ನರ್ ಆರಿರಬೇಕು, ಆದರೆ ಪದರದಲ್ಲಿ ಇನ್ನೂ ಅಂಟು ಉಳಿದಿರಬೇಕು. ಬೆರಳ ಹಿಂಭಾಗ ತಾಗಿಸಿದರೆ ಜಿಗುಟು ಅನ್ನಿಸಬೇಕು, ಬೆರಳಿಗೆ ಹತ್ತಬಾರದು. ತಂಪು ದಿನದಲ್ಲಿ ಆ ಹೊತ್ತು ಆರಾಮಾಗಿ ಸಿಗುತ್ತೆ, ನಿಮ್ಮ ಕಡೆ 42, 43 ಡಿಗ್ರಿಯಲ್ಲಿ, ಅದೂ ತಗಡಿನ ಶೀಟಿನ ಕೆಳಗೆ, ಮೇಲಿಂದ ಫ್ಯಾನು ಬೇರೆ ತಿರುಗ್ತಿದ್ದರೆ, ಮೂವತ್ತು ಜೊತೆಗೆ ಹಚ್ಚಿ ಮೊದಲನೆಯದಕ್ಕೆ ವಾಪಸ್ ಬರುವಷ್ಟರಲ್ಲಿ ಆ ಹೊತ್ತು ದಾಟಿ ಹೋಗಿರುತ್ತೆ. ಒಂದು ಸಲಕ್ಕೆ ಆರೋ ಎಂಟೋ ಜೊತೆಗೆ ಮಾತ್ರ ಹಚ್ಚಿ, ಅಂಟಿಸಿ, ಮುಂದಕ್ಕೆ ಹೋಗಿ. ಗಮ್ ಕೆಲಸ ಬೆಳಗ್ಗೆ ಇಟ್ಟುಕೊಂಡು, ಮಧ್ಯಾಹ್ನ ಕಟಿಂಗ್, ಹೊಲಿಗೆ ಮಾಡಿದರೆ ಇನ್ನೂ ಒಳ್ಳೇದು. ಗಮ್ಮಿಗೆ ಥಿನ್ನರ್ ಸುರಿಯುವುದು ಪರಿಹಾರ ಅಲ್ಲ, ಪದರ ತೆಳ್ಳಗಾಗಿ ಹಿಡಿತವೇ ಕಮ್ಮಿಯಾಗುತ್ತೆ.

ಪಿಯು ಗಮ್ ಬಳಸುವವರಿಗೆ ಈ ಒಣಗುವ ಭಯ ಕಮ್ಮಿ. ಅದು ಪೂರ್ತಿ ಒಣಗಿದ ಮೇಲೇ ಬಿಸಿ ಮಾಡಿ ಅಂಟಿಸುವ ಗಮ್. ಹೀಟರ್ ಕೆಳಗೆ ಗಮ್ಮಿನ ಮೈ 60ರಿಂದ 80 ಡಿಗ್ರಿ ಬಿಸಿಯಾದರೆ ಪದರ ಕರಗಿ ಜೀವ ಬರುತ್ತೆ. ಆಗ ಅರ್ಧ ನಿಮಿಷದೊಳಗೆ ಕೂರಿಸಿ ಪ್ರೆಸ್ಸಿಗೆ ಹಾಕಬೇಕು. ಪ್ರೆಸ್ಸಿನಲ್ಲಿ ಹತ್ತು ಹದಿನೈದು ಸೆಕೆಂಡ್ ಇದ್ದರೆ ಸಾಕು, ಆದರೆ ಒತ್ತಡ ಎಲ್ಲ ಕಡೆ ಸಮ ಬೀಳಬೇಕು. ಸುತ್ತಿಗೆಯಲ್ಲಿ ಬಡಿಯುವವರು ಮಧ್ಯ ಚೆನ್ನಾಗಿ ಬಡಿದು ಅಂಚು ಬಿಡ್ತಾರೆ, ಕಾಲಿನ ಕಮಾನಿನ ಒಳಬದಿಯನ್ನಂತೂ ಮರೆತೇಬಿಡ್ತಾರೆ. ತಣ್ಣಗಾದಾಗ ಪಿಯು ಗಟ್ಟಿಯಾಗಿ ಹಿಡಿತ ಬರುತ್ತೆ. ದೊಡ್ಡ ಫ್ಯಾಕ್ಟರಿಗಳಲ್ಲಿ ಪ್ರೆಸ್ ಆದ ಕೂಡಲೇ ಶೂವನ್ನು ಚಿಲ್ಲರ್ ಒಳಗೆ ಕಳಿಸುವುದು ಇದಕ್ಕೇ. ನಿಮ್ಮಲ್ಲಿ ಚಿಲ್ಲರ್ ಇಲ್ಲದಿದ್ದರೆ ಬೇಸಿಗೆಯಲ್ಲಿ ಬಿಸಿಬಿಸಿ ಇರುವಾಗಲೇ ಲಾಸ್ಟ್ ಎಳೆಯಬೇಡಿ. ನೆರಳಲ್ಲಿ ಇಟ್ಟು, ಮುಟ್ಟಿದರೆ ಆರಿದೆ ಅನ್ನಿಸಿದ ಮೇಲೆ ತೆಗೆಯಿರಿ.

ಮಳೆಗಾಲದ್ದು ನೀರಿನ ಕಾಟ. ಥಿನ್ನರ್ ಆರುವಾಗ ಗಮ್ಮಿನ ಮೈ ತಣ್ಣಗಾಗುತ್ತೆ, ಗಾಳಿಯಲ್ಲಿ ತೇವ ಜಾಸ್ತಿ ಇದ್ದರೆ ಅದರ ಮೇಲೆ ಇಬ್ಬನಿ ಕೂರುತ್ತೆ. ಗಮ್ಮಿನ ಮೇಲೆ ಮಂಕಾಗಿ, ಬೆಳ್ಳಗೆ ಕಂಡರೆ ಅದೇ. ಅದರ ಮೇಲೆ ಅಂಟಿಸಿದರೆ ಎರಡು ಗಮ್ಮಿನ ನಡುವೆ ನೀರು. ಸ್ವಲ್ಪ ಬೆಚ್ಚಗಿನ, ಗಾಳಿಯಾಡುವ ಕೋಣೆಯಲ್ಲಿ ಒಣಗಿಸಿ, ಮಂಕು ಹೋದ ಮೇಲೆ ಮುಂದುವರಿಯಿರಿ. ಹಾರ್ಡ್‌ನರ್ ಡಬ್ಬದ ಮುಚ್ಚಳ ಆ ದಿನಗಳಲ್ಲಿ ಒಂದು ನಿಮಿಷವೂ ತೆರೆದಿಡಬೇಡಿ.

ಪ್ರಶ್ನೆ: ತೋರಣಗಲ್ಲಿನಲ್ಲಿ ಗುತ್ತಿಗೆ ಕೆಲಸ. ಎರಡು ವರ್ಷ ಪೆಟ್ಟಿಗೆಯಲ್ಲೇ ಇಟ್ಟಿದ್ದ ಹೊಸ ಸೇಫ್ಟಿ ಶೂ ಹಾಕಿಕೊಂಡು ಹೋದೆ, ಮೂರನೇ ದಿನ ಸೋಲ್ ಚೂರುಚೂರಾಗಿ ಬಿದ್ದಿತು. ಕಳಪೆ ಗಮ್ ತಾನೇ?
— ಸ್ಟೀಲ್ ಕಾರ್ಖಾನೆ ಕೆಲಸಗಾರ, ಸಂಡೂರು ತಾಲ್ಲೂಕು

ಉತ್ತರ: ಚೂರುಚೂರಾಗಿ ಅಂತ ನೀವೇ ಬರೆದಿದ್ದೀರಿ. ಗಮ್ ಬಿಟ್ಟರೆ ಸೋಲ್ ಇಡಿಯಾಗಿ ಬರುತ್ತೆ, ಪುಡಿಯಾಗುವುದಿಲ್ಲ. ನಿಮ್ಮದು ಪಿಯು ಸೋಲ್. ಅದರಲ್ಲಿ ಪಾಲಿಯೆಸ್ಟರ್ ಜಾತಿಯದ್ದು ಗಾಳಿಯ ತೇವವನ್ನು ಹೀರಿಕೊಂಡು ವರ್ಷಗಳ ಮೇಲೆ ಒಳಗೊಳಗೇ ಮುರಿಯುತ್ತಾ ಹೋಗುತ್ತೆ, ಬಳಸದೆ ಇಟ್ಟಿದ್ದರೂ ಸರಿ. ಪೆಟ್ಟಿಗೆ ನಿಮ್ಮ ಕೈಗೆ ಬರುವ ಮುಂಚೆ ಗೋಡೌನಿನಲ್ಲಿ ಎಷ್ಟು ವರ್ಷ ಇತ್ತೋ! ಇದಕ್ಕೆ ಯಾವ ಗಮ್ಮೂ ಇಲ್ಲ, ಹೊಸದನ್ನೇ ತಗೊಳ್ಳಬೇಕು. ಕೊಳ್ಳುವಾಗ ತಯಾರಾದ ತಿಂಗಳು, ವರ್ಷ ನೋಡಿ, ಸೇಫ್ಟಿ ಶೂಗೆ ಅದು ಅಚ್ಚಾಗಿರಬೇಕು. ಐಎಸ್‌ಐ ಗುರುತಿನ ಜೊತೆ ಐಎಸ್ 15298 ಅಂತ ಇದೆಯಾ ಅದನ್ನೂ ನೋಡಿ.

ಬಿಸಿ ನೆಲದ ಮೇಲೆ ಕೆಲಸ ಇದ್ದರೆ ಇನ್ನೊಂದು ಅಚ್ಚು ಹುಡುಕಿ: ಎಚ್‌ಆರ್‌ಒ. ಆ ಸೋಲನ್ನು 300 ಡಿಗ್ರಿ ಬಿಸಿಗೆ 1 ನಿಮಿಷ ತಾಗಿಸಿ ಪರೀಕ್ಷೆ ಮಾಡಿರ್ತಾರೆ. ಇಂಥವು ಸಾಮಾನ್ಯವಾಗಿ ರಬ್ಬರ್ ಅಡಿಯವು. ಹಾರ್ಡ್‌ನರ್ ಹಾಕದೆ ಅಂಟಿಸಿದ ಮಾಮೂಲಿ ಶೂ ಗಮ್ 60, 70 ಡಿಗ್ರಿಗೇ ಮೆತ್ತಗಾಗುತ್ತೆ, ಫರ್ನೇಸ್ ಹತ್ತಿರ ಅದನ್ನು ಹಾಕಿಕೊಂಡು ನಿಲ್ಲುವುದು ಕಾಲಿಗೂ ಕೆಲಸಕ್ಕೂ ಒಳ್ಳೇದಲ್ಲ. ಸೋಲನ್ನು ಗಮ್ಮಿಲ್ಲದೆ ನೇರ ಅಪ್ಪರ್ ಮೇಲೇ ಎರಕ ಹೊಯ್ದ ಶೂಗಳೂ ಸಿಗುತ್ತವೆ. ದ್ರವದ ಪಿಯು ಅಚ್ಚಿನೊಳಗೆ ಉಬ್ಬಿ ಅಪ್ಪರ್ ಹಿಡಿದುಕೊಳ್ಳುತ್ತೆ. ಅಲ್ಲೂ ಅಪ್ಪರ್ ಉಜ್ಜಿರದಿದ್ದರೆ ಬಿಡುತ್ತೆ, ಅದು ಬೇರೆ ಮಾತು.

ಪ್ರಶ್ನೆ: ಬಸ್‌ಸ್ಟ್ಯಾಂಡ್ ಹತ್ತಿರ ಚಪ್ಪಲಿ ರಿಪೇರಿ ಮಾಡ್ತೀನಿ. ಸೊಲ್ಯೂಷನ್ ಹಚ್ಚಿ ಕೊಟ್ಟಿದ್ದು ವಾರಕ್ಕೇ ಬಿಟ್ಟು ಗಿರಾಕಿ ಜಗಳಕ್ಕೆ ಬರ್ತಾರೆ. ಫೆವಿಕ್ವಿಕ್ ಹಾಕಿದರೆ ತಕ್ಷಣ ಹಿಡಿತದ, ಅದೂ ಆಮೇಲೆ ಬಿಡ್ತದ.
— ಕೊಪ್ಪಳ

ಉತ್ತರ: ಕಾಕಾ, ಕ್ವಿಕ್ ಗಮ್ ಗಾಜಿನಂತೆ ಗಡುಸಾಗುತ್ತೆ. ನಡೆಯುವಾಗ ಬಗ್ಗುವ ಜಾಗಕ್ಕೆ ಅದು ಆಗಿಬರಲ್ಲ, ಒಡೆಯುತ್ತೆ. ಪಟ್ಟಿಯ ತುದಿಗೋ ಅಲಂಕಾರದ ಚೂರಿಗೋ ಸರಿ.

ಸೊಲ್ಯೂಷನ್ ಬಿಡುವುದು ಹಳೇ ಗಮ್ಮಿನ ಮೇಲೇ ಹೊಸದು ಹಚ್ಚುವುದಕ್ಕೆ. ಹಳೇ ಪದರ, ಮಣ್ಣು, ಸಾಕ್ಸಿನ ನಾರು ಎಲ್ಲ ರಂಪಿಗೆಯಲ್ಲಿ ಕೆರೆದು ತೆಗೆಯಿರಿ. ಆಮೇಲೆ ಎಮರಿ ಪೇಪರ್. ಎರಡೂ ಕಡೆ ಹಚ್ಚಿ, ಚರ್ಮವೋ ಬಟ್ಟೆಯೋ ಇದ್ದರೆ ಮೊದಲ ಕೈ ಹೀರಿಕೊಂಡ ಮೇಲೆ ಇನ್ನೊಂದು ಕೈ. ಗಿರಾಕಿ ನಿಂತುಕೊಂಡು ಬಸ್ ಬಂತು ಬಸ್ ಬಂತು ಅಂದಾಗ ಹತ್ತು ನಿಮಿಷ ಆರಲು ಬಿಡುವುದು ಕಷ್ಟ, ಗೊತ್ತು. ಅಂಥವರಿಗೆ ಗಮ್ ಬೇಡ, ಸುತ್ತ ಹೊಲಿಗೆ ಹಾಕಿ ಕೊಟ್ಟುಬಿಡಿ. ಒದ್ದೆ ಚಪ್ಪಲಿ ಬಂದರೆ ಗಮ್ ಮುಟ್ಟಲೇಬೇಡಿ, ನಾಳೆ ಬನ್ನಿ ಅನ್ನಿ. ಗಂಗಾವತಿ ಕಡೆಯ ಗದ್ದೆಯಿಂದ ಬಂದ ಚಪ್ಪಲಿ ಮೇಲೆ ಒಣಗಿದಂತೆ ಕಂಡರೂ ಒಳಗೆ ನೀರು ಕುಡಿದಿರುತ್ತೆ.

ಪ್ರಶ್ನೆ: ಹೊಲಿಗೆ ಒಳ್ಳೇದೋ, ಅಂಟಿಸುವುದು ಒಳ್ಳೇದೋ?
— ಲಿಂಗಸುಗೂರು

ಉತ್ತರ: ಅಂಚಿನಲ್ಲಿ ಎರಡೂ. ಗಮ್ ನೀರು, ಧೂಳು ಒಳಗೆ ಹೋಗದಂತೆ ತಡೆಯುತ್ತೆ, ಹೊಲಿಗೆ ಬಾಯಿ ಬಿಡದಂತೆ ಹಿಡಿಯುತ್ತೆ. ಬರೀ ತೋರಿಕೆಗೆ ಸೋಲಿನ ಮೇಲೆ ಹೊಲಿಗೆಯ ಗೆರೆ ಅಚ್ಚು ಹಾಕಿರ್ತಾರೆ, ಉಗುರಿನಲ್ಲಿ ಕೆದಕಿ ನೋಡಿ ತಗೊಳ್ಳಿ.

ಪ್ರಶ್ನೆ: ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಯೂನಿಟ್‌ಗಳಿಂದ ತುಂಡು ಬಟ್ಟೆ ಅಗ್ಗಕ್ಕೆ ಸಿಗುತ್ತೆ. ಅದರಿಂದ ಚಪ್ಪಲಿ ಪಟ್ಟಿ, ಇನ್‌ಸೋಲ್ ಮಾಡಿ ಇವಿಎ (ಹಗುರ ಫೋಮ್) ಸೋಲಿಗೆ ಅಂಟಿಸುತ್ತಿದ್ದೇವೆ. ನಮ್ಮ ಸ್ವಸಹಾಯ ಸಂಘದ ಕೆಲಸ. ಕೆಲವು ತುಂಡು ಚೆನ್ನಾಗಿ ಹಿಡಿಯುತ್ತೆ, ಕೆಲವು ಎಷ್ಟು ಹಚ್ಚಿದರೂ ಸಿಪ್ಪೆಯಂತೆ ಎದ್ದು ಬರುತ್ತೆ. ಬಟ್ಟೆ ಒಂದೇ, ಗಮ್ ಒಂದೇ. ಯಾಕೆ ಹೀಗೆ?
— ಸಂಘದ ಸದಸ್ಯೆ, ಬಳ್ಳಾರಿ

ಉತ್ತರ: ಅಕ್ಕಾ, ಬಹಳ ಒಳ್ಳೇ ಪ್ರಶ್ನೆ. ಬಟ್ಟೆ ಒಂದೇ ಇರಬಹುದು, ವಾಷಿಂಗ್ ಒಂದೇ ಅಲ್ಲ. ಕಟಿಂಗ್ ಟೇಬಲ್‌ನಿಂದ ಬಂದ ತುಂಡು ವಾಷ್ ಆಗಿರಲ್ಲ, ಅದರಲ್ಲಿ ಗಂಜಿ ಇರುತ್ತೆ. ರಿಜೆಕ್ಟ್ ಆದ ಪ್ಯಾಂಟಿನಿಂದ ಕತ್ತರಿಸಿದ ತುಂಡು ವಾಷಿಂಗ್ ಯೂನಿಟ್‌ನಿಂದ ಬಂದಿರುತ್ತೆ, ಅಲ್ಲಿ ಬಟ್ಟೆ ಮೆತ್ತಗಾಗಲಿ ಅಂತ ಕೊನೆಯಲ್ಲಿ ಸಾಫ್ಟ್‌ನರ್ ಹಾಕ್ತಾರೆ, ಬಹಳ ಸಲ ಸಿಲಿಕೋನಿನದು. ಸಿಲಿಕೋನ್ ಮೇಲೆ ಗಮ್ ನಿಲ್ಲುವುದೇ ಇಲ್ಲ. ಒಂದು ಹನಿ ನೀರು ಹಾಕಿ ನೋಡಿ. ನೀರು ಹೀರಿಕೊಳ್ಳದೆ ಮೇಲೆ ಗುಂಡಗೆ ನಿಂತರೆ ಆ ತುಂಡನ್ನು ಬೇರೆ ಇಡಿ. ನೀರು ಹೀರಿದರೂ ಕೈಗೆ ತೀರಾ ಜಾರುವಷ್ಟು ನುಣುಪಿದ್ದರೆ ಮೊದಲು ಒಂದು ಚೂರು ಅಂಟಿಸಿ, ಎಳೆದು ನೋಡಿ. ವಾಷ್ ಆಗದ ಕಟಿಂಗ್ ತುಂಡನ್ನೇ ಕೇಳಿ ತರುವುದು ಸುಲಭ, ಪೆಟ್ಟಿಗೆ ಬೇರೆ ಮಾಡಿಡಲು ಆ ಯೂನಿಟ್‌ನವರಿಗೇ ಹೇಳಿಡಿ.

ಡೆನಿಮ್ ಗಮ್ಮನ್ನು ಕುಡಿಯುತ್ತೆ. ತೆಳು ಗಮ್ ಹಚ್ಚಿದರೆ ಮೇಲಕ್ಕೆ ಹಾದು ಬಂದು ನೀಲಿಯ ಮೇಲೆ ಕಂದು ಕಲೆ. ದಪ್ಪ ಗಮ್, ಎರಡು ಕೈ, ನಡುವೆ ಪೂರ್ತಿ ಆರಲು ಬಿಡಿ. ಇವಿಎ ಹಾಳೆಯನ್ನು ಕತ್ತರಿಸಿದ ಮೈಯಾದರೆ ಉಜ್ಜಿ, ಧೂಳು ತೆಗೆದು ನಿಯೋಪ್ರೀನ್ ಹಚ್ಚಿದರೆ ಹಿಡಿಯುತ್ತೆ. ಅಚ್ಚಿನಲ್ಲಿ ಎರಕ ಹೊಯ್ದು ಬಂದ ಇವಿಎ ಸೋಲ್‌ನ ಕಥೆ ಬೇರೆ. ಅದರ ಮೇಲೆ ಬಿಗಿಯಾದ ಸಿಪ್ಪೆ ಇರುತ್ತೆ, ಅಚ್ಚಿನಿಂದ ಬಿಡಲೆಂದು ಹಚ್ಚಿದ ಜಾರುವ ಎಣ್ಣೆಯೂ ಇರುತ್ತೆ. ದೊಡ್ಡ ಫ್ಯಾಕ್ಟರಿಗಳಲ್ಲಿ ಅದಕ್ಕೆ ಬೇರೆಯೇ ಪ್ರೈಮರ್ ಹಚ್ಚಿ ಯುವಿ ದೀಪದ ಕೆಳಗೆ ಹಾಯಿಸ್ತಾರೆ. ನಿಮಗೆ ಆ ಉಸಾಬರಿ ಬೇಡ, ಹಾಳೆಯಲ್ಲೇ ಇರಿ.

ಪ್ರಶ್ನೆ: ನಮ್ಮ ಮನೆಯವರು ಮನೆಯ ಮುಂದಿನ ಕೋಣೆಯಲ್ಲೇ ಚಪ್ಪಲಿ ಅಂಟಿಸುವ ಕೆಲಸ ಮಾಡ್ತಾರೆ. ಸಂಜೆ ಹೊತ್ತಿಗೆ ತಲೆನೋವು, ತಲೆ ತಿರುಗುತ್ತೆ ಅಂತಾರೆ. ಈಚೆಗೆ ಪಾದ ಜೋಮು ಹಿಡಿಯುತ್ತೆ ಅಂತಲೂ ಹೇಳ್ತಿದ್ದಾರೆ. ಗಮ್ಮಿನ ವಾಸನೆಗೆ ಹೀಗಾಗುತ್ತಾ?
— ಗೃಹಿಣಿ, ಗಂಗಾವತಿ

ಉತ್ತರ: ಆಗುತ್ತಮ್ಮ. ತಲೆನೋವು, ತಲೆಸುತ್ತು ಟೊಲ್ಯೂಯೀನ್‌ನಂಥ ಥಿನ್ನರ್ ಹೊಗೆಯಿಂದ. ಪಾದ ಜೋಮು ಅಂದಿರಲ್ಲ, ಅದನ್ನು ಹಗುರಾಗಿ ತಗೋಬೇಡಿ. ಗಮ್ಮಿನಲ್ಲಿ ಹೆಕ್ಸೇನ್ ಅನ್ನುವ ಥಿನ್ನರ್ ಇದ್ದರೆ ಅದು ಕೈಕಾಲಿನ ನರಗಳಿಗೇ ಪೆಟ್ಟು ಕೊಡುತ್ತೆ. ಜಪಾನ್, ಇಟಲಿಯಲ್ಲಿ ಮನೆಯಲ್ಲೇ ಚಪ್ಪಲಿ ಅಂಟಿಸುತ್ತಿದ್ದವರಲ್ಲಿ ಇದೇ ಕಾಯಿಲೆ ದಶಕಗಳ ಹಿಂದೆ ಕಂಡಿತ್ತು. ಇಸ್ತಾಂಬುಲ್‌ನ ಶೂ ಕೆಲಸಗಾರರಿಗೆ ಗಮ್ಮಿನ ಬೆಂಜೀನ್‌ನಿಂದ ರಕ್ತದ ಕ್ಯಾನ್ಸರ್ ಬಂದಿದ್ದು 1970ರ ದಶಕದಲ್ಲಿ ಸುದ್ದಿಯಾಯಿತು. ಈ ವಾರವೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ, ಗಮ್ ಕೆಲಸ ಅಂತ ಮರೆಯದೆ ಹೇಳಿ, ಡಬ್ಬದ ಮೇಲಿನ ಚೀಟಿಯ ಫೋಟೋ ತೋರಿಸಿ. ಜೋಮು ಹೋಗುವ ತನಕ ಗಮ್ ಮುಟ್ಟದಿದ್ದರೆ ಒಳ್ಳೇದು.

ಇನ್ನು ಕೋಣೆ. ಈ ಹೊಗೆ ಗಾಳಿಗಿಂತ ಭಾರ, ಕೆಳಗೇ ಹರಡಿಕೊಂಡಿರುತ್ತೆ. ಮೇಲಿನ ಸೀಲಿಂಗ್ ಫ್ಯಾನ್ ಅದನ್ನು ಮುಖಕ್ಕೇ ಎಬ್ಬಿಸುತ್ತೆ. ಎಕ್ಸಾಸ್ಟ್ ಫ್ಯಾನನ್ನು ಕೆಲಸದ ಮಣೆಯ ಮಟ್ಟದಲ್ಲಿ, ಕೂತವರ ಎದುರಿಗೆ ಹಾಕಿಸಿ, ಹೊಗೆ ಅವರಿಂದ ಆಚೆಗೆ ಹೋಗಬೇಕು. ಬಟ್ಟೆಯ ಮಾಸ್ಕ್ ಧೂಳು ತಡೆಯುತ್ತೆ, ಥಿನ್ನರ್ ತಡೆಯಲ್ಲ. ಕೈಯನ್ನು ಥಿನ್ನರ್‌ನಿಂದ ತೊಳೆಯುವ ಅಭ್ಯಾಸ ಇದ್ದರೆ ಇವತ್ತೇ ಬಿಡಿಸಿ. ಟೊಲ್ಯೂಯೀನ್ ಹೊಗೆ 4 ಡಿಗ್ರಿಯಲ್ಲೇ ಬೆಂಕಿ ಹಿಡಿಯುವಷ್ಟು ಏಳುತ್ತೆ, ಗಂಗಾವತಿಯಲ್ಲಿ ಅಷ್ಟು ತಂಪು ಯಾವತ್ತು ಇತ್ತು? ಅದೇ ಕೋಣೆಯಲ್ಲಿ ಬೀಡಿ, ಊದಿನಕಡ್ಡಿ, ಸೊಳ್ಳೆ ಬತ್ತಿ, ಗ್ಯಾಸ್ ಒಲೆ ಯಾವುದೂ ಬೇಡ. ಮಕ್ಕಳು ಅಲ್ಲಿ ಮಲಗುವುದೂ ಬೇಡ.

ನೀರಿನ ಪಿಯು ಗಮ್ ಅಂತ ಈಗ ಬರುತ್ತೆ, ವಾಸನೆ ಬಹಳ ಕಮ್ಮಿ. ಒಣಗಲು ಹೊತ್ತು ಜಾಸ್ತಿ, ಆಮೇಲೆ ಬಿಸಿ ಬೇಕು, ಬೆಲೆಯೂ ಮೇಲೆ. ನಮ್ಮ ಕಡೆಯ ಒಣ ಬಿಸಿಲಿಗೆ ಒಣಗುವುದು ದೊಡ್ಡ ಸಮಸ್ಯೆ ಆಗಲಾರದು, ಮಳೆಗಾಲ ಬಿಟ್ಟು ಪ್ರಯತ್ನಿಸಬಹುದು.

ಪ್ರಶ್ನೆ: ಗಟ್ಟಿ ಅಂಟಿದೆಯಾ ಅಂತ ಮಾಲು ಕಳಿಸೋಕೆ ಮುಂಚೆ ನೋಡುವುದು ಹೇಗೆ? ಮಷೀನ್ ತಗೊಳ್ಳುವಷ್ಟು ದುಡ್ಡಿಲ್ಲ.
— ಸಿಂಧನೂರು

ಉತ್ತರ: ಅಂಟಿಸಿದ ದಿನವೇ ಎಳೆದು ನೋಡಬೇಡಿ, ಪೂರ್ತಿ ಹಿಡಿತ ಬರಲು ಒಂದೆರಡು ದಿನ ಬೇಕು. ನೀವು ಬಳಸುವ ಅದೇ ಸೋಲ್, ಅದೇ ಅಪ್ಪರ್‌ನಿಂದ ಬೆರಳುದ್ದದ ಪಟ್ಟಿಗಳನ್ನು ಮಾಲಿನ ಜೊತೆಗೇ ಅಂಟಿಸಿ, ಒಂದು ತುದಿಯಲ್ಲಿ ಎರಡು ಅಂಗುಲ ಅಂಟಿಸದೆ ಬಿಡಿ. ಎರಡು ದಿನದ ಮೇಲೆ ಸರಿಯಾಗಿ 1 ಸೆಂಟಿಮೀಟರ್ ಅಗಲಕ್ಕೆ ಕತ್ತರಿಸಿ. ಬಿಟ್ಟ ತುದಿಯಲ್ಲಿ ಸೋಲಿನ ಭಾಗವನ್ನು ಮೇಲೆ ಮೊಳೆಗೆ ಸಿಕ್ಕಿಸಿ, ಅಪ್ಪರ್ ಭಾಗಕ್ಕೆ ತೂಕದ ಬಟ್ಟು ಕಟ್ಟಿ ತೂಗುಬಿಡಿ. ಸೇಫ್ಟಿ ಶೂಗೆ ಇರುವ ಮಾನದಂಡ ಮಿಲಿಮೀಟರ್ ಅಗಲಕ್ಕೆ 4 ನ್ಯೂಟನ್, ಅಂದರೆ ನಿಮ್ಮ 1 ಸೆಂಟಿಮೀಟರ್ ಪಟ್ಟಿಗೆ ಹತ್ತಿರ ಹತ್ತಿರ 4 ಕೆಜಿ. ಗಮ್ ಬಿಡುವ ಮೊದಲೇ ಸೋಲ್ ಹರಿದರೆ 3 ಸಾಕು ಅಂತ ಅದೇ ನಿಯಮ ಹೇಳುತ್ತೆ. ಕಾಲೇಜು ಹುಡುಗಿಯರ ತೆಳು ಸ್ಯಾಂಡಲ್‌ಗೆ ಅಷ್ಟು ಬೇಕಿಲ್ಲ, ಆದರೆ ಕಿರಾಣಿ ತಕ್ಕಡಿಯ 2 ಕೆಜಿ ಬಟ್ಟನ್ನೂ ತಡೆಯದ ಮಾಲನ್ನು ಕಳಿಸಬೇಡಿ.

ಲ್ಯಾಬಿನ ಮಷೀನ್ ಒಂದೇ ವೇಗದಲ್ಲಿ ಎಳೆಯುತ್ತೆ, ನಿಮ್ಮದು ತೂಗುವ ತೂಕ, ಎರಡೂ ಒಂದೇ ಅಂಕೆ ಕೊಡಲ್ಲ. ಆದರೆ ಈ ವಾರದ ಮಾಲು ಹೋದ ವಾರಕ್ಕಿಂತ ಸಡಿಲ ಇದೆಯಾ ಅಂತ ತಿಳಿಯಲು ಇದು ಧಾರಾಳವಾಗಿ ಸಾಕು. ಇನ್ನೊಂದು ಪಟ್ಟಿಯನ್ನು ತಾರಸಿಯ ಮೇಲೆ ತಗಡಿನಡಿ ಒಂದು ವಾರ ಬಿಸಿಲಿಗಿಟ್ಟು, ಆಮೇಲೆ ತೂಗಿ. ಪಿವಿಸಿಯ ಎಣ್ಣೆ ಜಿನುಗುವ ತೊಂದರೆ ಇದ್ದರೆ ಅಲ್ಲಿ ಬಯಲಾಗುತ್ತೆ. ದೊಡ್ಡ ಆರ್ಡರ್ ಹಿಡಿದಾಗ ಮಾತ್ರ ಚೆನ್ನೈನ ಸಿಎಲ್‌ಆರ್‌ಐ (ಕೇಂದ್ರ ಚರ್ಮ ಸಂಶೋಧನಾ ಸಂಸ್ಥೆ) ಅಥವಾ ಎಫ್‌ಡಿಡಿಐ (ಪಾದರಕ್ಷೆ ವಿನ್ಯಾಸ ಸಂಸ್ಥೆ) ಲ್ಯಾಬಿಗೆ ಎರಡು ಜೊತೆ ಕಳಿಸಿ, ಅವರ ರಿಪೋರ್ಟಿನಲ್ಲಿ ಅಂಕೆಯ ಪಕ್ಕ ಯಾವ ಪದರ ಬಿಟ್ಟಿತು ಅಂತಲೂ ಬರೆದಿರುತ್ತೆ, ಅದನ್ನೂ ಓದಿ.